ಬಚ್ಚಲುಮನೆಯಲ್ಲಿ ಹುಟ್ಟಿದ ಮಾರ್ದನಿ: ಜೋ ಮೀಕ್ ಕಟ್ಟಿದ ಒಂಟಿ ಕಂಪನಿ

ಉತ್ತರ ಲಂಡನ್ನಿನ ಹಾಲೊವೇ ರಸ್ತೆ, 304ನೇ ನಂಬರಿನ ಕಟ್ಟಡ. ಕೆಳಗೆ ಚರ್ಮದ ಸಾಮಾನಿನ ಅಂಗಡಿ, ಮೇಲೆ ಬಾಡಿಗೆ ಮನೆ. 1960ರ ದಶಕದ ಮೊದಲರ್ಧದಲ್ಲಿ ಬ್ರಿಟನ್ನಿನ ಕೆಲವು ವಿಚಿತ್ರ, ಅದ್ಭುತ ರಾಕ್ ರೆಕಾರ್ಡುಗಳು ತಯಾರಾಗಿದ್ದು ಈ ಮನೆಯಲ್ಲೇ. ಡ್ರಮ್ಮು, ಗಿಟಾರು ಒಂದು ಕೋಣೆಯಲ್ಲಿ, ಪಿಟೀಲಿನವರು ಮೆಟ್ಟಿಲ ಮೇಲೆ, ಹಾಡುವವರು ಕೆಲವೊಮ್ಮೆ ಬಚ್ಚಲುಮನೆಯಲ್ಲಿ. ಮಾರ್ದನಿ ಚೆನ್ನಾಗಿ ಬರುತ್ತೆ ಅನ್ನೋದೇ ಕಾರಣ. ಇದನ್ನೆಲ್ಲ ನಡೆಸುತ್ತಿದ್ದ ಜೋ ಮೀಕ್‌ಗೆ ಯಾವ ವಾದ್ಯವೂ ನುಡಿಸಲು ಬರುತ್ತಿರಲಿಲ್ಲ, ಸ್ವರಲಿಪಿ ಓದಲೂ ಬರುತ್ತಿರಲಿಲ್ಲ.

ಹುಟ್ಟಿದ್ದು 1929ರಲ್ಲಿ, ಗ್ಲಾಸ್ಟರ್‌ಶೈರಿನ ನ್ಯೂಎಂಟ್ ಎಂಬ ಸಣ್ಣ ಊರಿನಲ್ಲಿ. ರೇಡಿಯೋ ಬಿಚ್ಚಿ ಜೋಡಿಸುವ ಹುಚ್ಚಿನ ಹುಡುಗ. ವಾಯುಪಡೆಯಲ್ಲಿ ರಾಡಾರ್ ಕೆಲಸ, ಆಮೇಲೆ ವಿದ್ಯುತ್ ಮಂಡಳಿಯ ನೌಕರಿ, ಅಲ್ಲಿಂದ ಲಂಡನ್ನಿನ ಐಬಿಸಿ ಸ್ಟುಡಿಯೋ. ಆಗಿನ ಸ್ಟುಡಿಯೋ ಅಂದರೆ ಒಂದು ಥರ ಪ್ರಯೋಗಶಾಲೆ. ಇಎಂಐ ಕಂಪನಿಯಲ್ಲಿ ತಂತ್ರಜ್ಞರು ಬಿಳಿ ಕೋಟು ಹಾಕಿಕೊಂಡೇ ಓಡಾಡುತ್ತಿದ್ದರು. ವಾದ್ಯದ ನಾದ ಇದ್ದ ಹಾಗೇ ಟೇಪಿಗಿಳಿಯಬೇಕು, ಮೀಟರಿನ ಮುಳ್ಳು ಕೆಂಪು ಗೆರೆ ದಾಟಬಾರದು ಅನ್ನೋದು ಶಿಸ್ತು. ಮೀಕ್ ಮಾಡಿದ್ದೆಲ್ಲ ಇದಕ್ಕೆ ತದ್ವಿರುದ್ಧ. ಮೈಕನ್ನು ವಾದ್ಯದ ಬಾಯಿಗೇ ತಂದಿಟ್ಟ, ಸದ್ದನ್ನು ಹಿಂಡಿದ, ಹಿಗ್ಗಿಸಿದ. 1956ರಲ್ಲಿ ಹಂಫ್ರಿ ಲಿಟಲ್‌ಟನ್ನರ ಜಾಝ್ ರೆಕಾರ್ಡ್ 'ಬ್ಯಾಡ್ ಪೆನ್ನಿ ಬ್ಲೂಸ್'ನಲ್ಲಿ ಪಿಯಾನೋದ ಎಡಗೈ ಸದ್ದನ್ನು ಮುಂದಕ್ಕೆ ತಂದು ಕೂರಿಸಿದ್ದು ಇದೇ ಮೀಕ್. ರೆಕಾರ್ಡು ಬ್ರಿಟನ್ನಿನ ಟಾಪ್ ಟ್ವೆಂಟಿಗೆ ಹೋಯಿತು.

ಇನ್ನೊಬ್ಬರ ಕೈಕೆಳಗೆ ದುಡಿಯುವ ಜಾಯಮಾನ ಅವನದಲ್ಲ. 1960ರಲ್ಲಿ ಪಾಲುದಾರರ ಜೊತೆ ಟ್ರಯಂಫ್ ಎಂಬ ಸ್ವಂತ ಲೇಬಲ್ ಶುರು ಮಾಡಿದ. ಮೈಕೆಲ್ ಕಾಕ್ಸ್ ಹಾಡಿದ 'ಏಂಜೆಲಾ ಜೋನ್ಸ್' ಮೇಲೇರಿ ಟಾಪ್ ಟೆನ್ ತಲುಪಿತು. ಆದರೆ ಅಂಗಡಿಗಳಲ್ಲಿ ಕೇಳುವವರಿದ್ದರೂ ಕೊಡೋಕೆ ರೆಕಾರ್ಡೇ ಇಲ್ಲ! ಸಣ್ಣ ಕಾರ್ಖಾನೆಗಳಿಗೆ ಅಷ್ಟು ಪ್ರತಿ ಒತ್ತಿಕೊಡಲು ಆಗಲಿಲ್ಲ. ಸಣ್ಣ ಲೇಬಲ್ ಸೋಲೋದು ಹಾಡು ಕೆಟ್ಟದಾಗಿದ್ದಾಗ ಮಾತ್ರ ಅಂದುಕೊಂಡವರು ಇದನ್ನು ಗಮನಿಸಬೇಕು. ವರ್ಷ ತುಂಬುವ ಮೊದಲೇ ಮೀಕ್ ಅಲ್ಲಿಂದ ಹೊರಬಂದ. ಅನ್ಯಗ್ರಹದ ಬದುಕನ್ನು ಸದ್ದಿನಲ್ಲೇ ಕಟ್ಟಲು ಹೊರಟಿದ್ದ ಅವನ 'ಐ ಹಿಯರ್ ಎ ನ್ಯೂ ವರ್ಲ್ಡ್' ಆಲ್ಬಂ ಆಗ ಅರ್ಧಕ್ಕೇ ನಿಂತಿತು. ಪೂರ್ತಿ ಹೊರಬಂದದ್ದು 1991ರಲ್ಲಿ.

ಈ ಪೆಟ್ಟಿನಿಂದ ಮೀಕ್ ಕಲಿತ ವ್ಯಾಪಾರವೇ ಅವನ ದೊಡ್ಡ ಕೊಡುಗೆ ಅಂತ ನನಗನ್ನಿಸುತ್ತೆ. ಆಟಿಕೆ ವ್ಯಾಪಾರದ ಮೇಜರ್ ಬ್ಯಾಂಕ್ಸ್ ಬಂಡವಾಳ ಹಾಕಿದರು, ಆರ್‌ಜಿಎಂ ಸೌಂಡ್ ಎಂಬ ಕಂಪನಿ ಹುಟ್ಟಿತು. ಗಾಯಕರನ್ನು ಹುಡುಕೋದು, ಹಾಡಿಸೋದು, ಟೇಪು ಮಾಡೋದು ಎಲ್ಲ ಹಾಲೊವೇ ರಸ್ತೆಯ ಮನೆಯಲ್ಲಿ. ತಯಾರಾದ ಟೇಪನ್ನು ಡೆಕ್ಕಾ, ಇಎಂಐ, ಪೈ ಕಂಪನಿಗಳಿಗೆ ಗುತ್ತಿಗೆ ಕೊಡೋದು. ರೆಕಾರ್ಡು ಒತ್ತಿ ಮಾರೋದು ಅವರ ಕೆಲಸ, ಹಾಡು ಹೇಗಿರಬೇಕು ಅನ್ನೋದು ಮಾತ್ರ ಇವನ ಮಾತು. ಆಗಿನ ಬ್ರಿಟನ್ನಿನಲ್ಲಿ ಇದು ಹೊಸ ದಾರಿ. 1961ರಲ್ಲಿ ಜಾನ್ ಲೇಟನ್ನರ 'ಜಾನಿ ರಿಮೆಂಬರ್ ಮಿ' ಮೊದಲ ಸ್ಥಾನಕ್ಕೆ ಹೋಯಿತು.

1962ರ ಜುಲೈ 10ರಂದು ಅಮೆರಿಕ ಟೆಲ್‌ಸ್ಟಾರ್ ಎಂಬ ಸಂಪರ್ಕ ಉಪಗ್ರಹ ಹಾರಿಸಿತು. ಮೀಕ್‌ಗೆ ತಲೆಯಲ್ಲಿ ರಾಗವೊಂದು ಬಂತು. ಬರೆಯಲು ಬಾರದಿದ್ದವನು ಬೇರೆ ಹಾಡಿನ ಟೇಪಿನ ಮೇಲೇ ಗುನುಗಿದ, ವಾದ್ಯಗಾರರು ಆ ಗುನುಗಿನಿಂದ ರಾಗ ಹೆಕ್ಕಿಕೊಂಡರು. ಕ್ಲಾವಿಯೊಲಿನ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಕೀಬೋರ್ಡಿನ ನಡುಗುವ ದನಿ, ಹಿಂದೆ ರಾಕೆಟ್ ಹಾರಿದಂಥ ಸದ್ದು. ಟೊರ್ನಾಡೋಸ್ ತಂಡದ ಹೆಸರಲ್ಲಿ ಆಗಸ್ಟ್‌ನಲ್ಲಿ ಬಂದ 'ಟೆಲ್‌ಸ್ಟಾರ್' ಬ್ರಿಟನ್ನಿನಲ್ಲೂ, ಡಿಸೆಂಬರಿನಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನ ಪಡೆಯಿತು. ಬೀಟಲ್ಸ್ ಅಮೆರಿಕಕ್ಕೆ ಕಾಲಿಡುವುದಕ್ಕೆ ಒಂದು ವರ್ಷಕ್ಕೂ ಮೊದಲೇ.

ಆದರೆ ದುಡ್ಡು ಕೈಗೆ ಬರಲಿಲ್ಲ. 1963ರಲ್ಲಿ ಫ್ರೆಂಚ್ ಸಂಯೋಜಕ ಜಾನ್ ಲೆದ್ರು ಇದು ತನ್ನ ಸಿನಿಮಾ ಸಂಗೀತದ ಕದ್ದ ರಾಗ ಎಂದು ದಾವೆ ಹೂಡಿದರು. ರಾಯಲ್ಟಿ ಪೂರ್ತಿ ತಡೆಹಿಡಿಯಲಾಯಿತು. ಅದೇ ವರ್ಷ ಮೀಕ್ ಇನ್ನೊಂದು ಕೇಸಿನಲ್ಲಿ ಸಿಕ್ಕಿಬಿದ್ದ. ಆತ ಸಲಿಂಗಿ. ಇಂಗ್ಲೆಂಡಿನಲ್ಲಿ ಆಗ ಅದು ಅಪರಾಧ. ಸಾರ್ವಜನಿಕ ಶೌಚಾಲಯವೊಂದರಲ್ಲಿ ಪೊಲೀಸರು ಹಿಡಿದರು (ಆ ಜಾಗದ ಹೆಸರು ಮದ್ರಾಸ್ ಪ್ಲೇಸ್ ಅನ್ನೋದು ಕಾಕತಾಳೀಯ), 15 ಪೌಂಡ್ ದಂಡ ಬಿತ್ತು, ಸುದ್ದಿ ಪತ್ರಿಕೆಗೂ ಬಂತು. ದಂಡ ಸಣ್ಣದು, ಹೆಸರು ಹೊರಬಿದ್ದಿದ್ದು ದೊಡ್ಡದು. ಬ್ಲ್ಯಾಕ್‌ಮೇಲ್ ಮಾಡುವವರಿಗೆ ಇಂಥವರೇ ಬೇಕಿತ್ತು.

1964ರಲ್ಲಿ ಹನಿಕೋಂಬ್ಸ್ ತಂಡದ 'ಹ್ಯಾವ್ ಐ ದ ರೈಟ್' ಮತ್ತೊಮ್ಮೆ ಮೊದಲ ಸ್ಥಾನ ತಂದುಕೊಟ್ಟಿತು. ಆ ಹಾಡಿನ ಧಡ್ ಧಡ್ ಸದ್ದು ತಂಡದವರು ಮನೆಯ ಮರದ ಮೆಟ್ಟಿಲುಗಳನ್ನು ತುಳಿದಿದ್ದು. ಅದೇ ಕೊನೆಯ ದೊಡ್ಡ ಗೆಲುವು. ಗಿಟಾರ್ ತಂಡಗಳ ಅಲೆಯಲ್ಲಿ ಮೀಕ್ ಹಳಬನಾದ. ಸಾಲ, ಮಾತ್ರೆಗಳು, ಮನೆಯಲ್ಲಿ ಯಾರೋ ಕದ್ದು ಕೇಳುವ ಯಂತ್ರ ಇಟ್ಟಿದ್ದಾರೆಂಬ ಭಯ.

1967ರ ಫೆಬ್ರವರಿ 3. ಮೀಕ್ ಆರಾಧಿಸುತ್ತಿದ್ದ ಬಡಿ ಹಾಲಿ ತೀರಿಕೊಂಡು ಅಂದಿಗೆ ಸರಿಯಾಗಿ ಎಂಟು ವರ್ಷ. ಆ ಬೆಳಗ್ಗೆ ಮೀಕ್ ಮನೆಯ ಮಾಲಕಿಯನ್ನು ಗುಂಡಿಕ್ಕಿ ಕೊಂದ, ತಾನೂ ಪ್ರಾಣ ಕಳೆದುಕೊಂಡ. ವಯಸ್ಸು 37. ಮೀಕ್‌ನನ್ನು ದುರಂತ ನಾಯಕನನ್ನಾಗಿಸುವ ಬರಹಗಳಲ್ಲಿ ಆ ಹೆಂಗಸು ಒಂದು ಸಾಲಿಗೆ ಮುಗಿದುಹೋಗುತ್ತಾರೆ. ಬಾಡಿಗೆದಾರನ ಗಲಾಟೆಯನ್ನು ವರ್ಷಗಟ್ಟಲೆ ಸಹಿಸಿಕೊಂಡಿದ್ದವರು ಅವರು. ಕಾನೂನು ಅವನಿಗೆ ಮಾಡಿದ ಅನ್ಯಾಯ ನಿಜ, ಈ ಕೊಲೆಯೂ ಅಷ್ಟೇ ನಿಜ.

ಅದೇ ಜುಲೈನಲ್ಲಿ ಇಂಗ್ಲೆಂಡ್ ಒಪ್ಪಿತ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಭಾಗಶಃ ತೆಗೆಯಿತು. ಬ್ರಿಟಿಷರೇ ನಮಗೆ ಬಿಟ್ಟುಹೋದ 377ನೇ ಕಲಂನ ಆ ಭಾಗ ಇಲ್ಲಿ ಬಿದ್ದುಹೋಗಲು 2018 ಬರಬೇಕಾಯಿತು. 'ಟೆಲ್‌ಸ್ಟಾರ್' ದಾವೆಯೂ ಅವನು ಸತ್ತ ಮೇಲೆ ಅವನ ಪರವಾಗಿಯೇ ಇತ್ಯರ್ಥವಾಯಿತು.

ಮನೆಯಲ್ಲಿದ್ದ 1,800ಕ್ಕೂ ಹೆಚ್ಚು ಟೇಪುಗಳನ್ನು ಚಹಾ ಪೆಟ್ಟಿಗೆಗಳಿಗೆ ತುಂಬಿ 300 ಪೌಂಡಿಗೆ ಮಾರಿದರು. ಅರ್ಧ ಶತಮಾನ ಅವು ಹಾಗೇ ಇದ್ದವು. 2020ರಲ್ಲಿ ಚೆರ್ರಿ ರೆಡ್ ಎಂಬ ಲೇಬಲ್ ಅವನ್ನು ಕೊಂಡಿತು. ಅದೂ ಒಂದು ಸ್ವತಂತ್ರ ಲೇಬಲ್ಲೇ.