ವಾಷರಿನ ಹಿಂದೊಬ್ಬ ಹಠವಾದಿ: ಜೋಸೆಫ್ ವಿಟ್‌ವರ್ತ್

ಆದಿ ಉಡುಪಿಯ ಹೆಲಿಪ್ಯಾಡಿಗೆ ಮಂತ್ರಿಗಳ ಹೆಲಿಕಾಪ್ಟರ್ ಬಂತೆಂದರೆ ನಾವು ಕತ್ತೆತ್ತಿ ನೋಡೋದು ತಿರುಗುವ ರೆಕ್ಕೆಗಳನ್ನ. ಬೋಲ್ಟಿನ ಅಡಿಯ ವಾಷರನ್ನು ಯಾರು ನೋಡ್ತಾರೆ ಮಾರಾಯ್ರೆ? ಆದರೆ ಅದು ಅಂಗಡಿಯಲ್ಲಿ ತೂಕಕ್ಕೆ ಸಿಗುವ ಬಿಲ್ಲೆಯಲ್ಲ. ವಿಮಾನಗಳಲ್ಲಿ ಬಳಸುವ ಎನ್‌ಎಎಸ್ 1149 ಎಂಬ ಮಾನಕದಲ್ಲಿ ಎಫ್0363ಪಿ ಅಂತ ಬರೆದರೆ ಎಲ್ಲ ಹೇಳಿದ ಹಾಗೆ: ಎಫ್ ಅಂದರೆ ಉಕ್ಕು, 03 ಅಂದರೆ ಹತ್ತನೇ ನಂಬರಿನ ಬೋಲ್ಟು, 63 ಅಂದರೆ 0.063 ಇಂಚು ದಪ್ಪ, ಪಿ ಅಂದರೆ ಕ್ಯಾಡ್ಮಿಯಂ ಲೇಪನ. ಯಾವ ದೇಶದಲ್ಲಿ ಮಾಡಿದರೂ ಅದು ಸರಿಯಾಗಿ ಕೂರಲೇಬೇಕು. ಈ ಹಠವನ್ನು ಎಂಜಿನಿಯರುಗಳಿಗೆ ಕಲಿಸಿದವರಲ್ಲಿ ಮೊದಲಿಗರು ಜೋಸೆಫ್ ವಿಟ್‌ವರ್ತ್.

ಅವರು ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ಹುಡುಗನನ್ನು ಸಂಬಂಧಿಕರ ಹತ್ತಿ ಗಿರಣಿಗೆ ಕೆಲಸ ಕಲಿಯಲು ಹಾಕಿದರು. ಅವನ ಮನಸ್ಸು ನಿಂತದ್ದು ವ್ಯಾಪಾರದಲ್ಲಲ್ಲ, ಗಿರಣಿಯ ಯಂತ್ರಗಳಲ್ಲಿ. ಅಲ್ಲಿಂದ ಹೊರಬಿದ್ದು ಮ್ಯಾಂಚೆಸ್ಟರಿನಲ್ಲಿ ಮೆಕ್ಯಾನಿಕ್ ಆದ. 1825ರಲ್ಲಿ ಲಂಡನ್ನಿಗೆ ಹೋಗಿ, ಹೆಸರಾಂತ ಯಂತ್ರತಜ್ಞ ಹೆನ್ರಿ ಮಾಡ್ಸ್‌ಲೆ ಅವರ ಕಾರ್ಖಾನೆಯಲ್ಲಿ ಪಳಗಿದ. 1833ರಲ್ಲಿ ಮ್ಯಾಂಚೆಸ್ಟರಿಗೆ ವಾಪಸ್ ಬಂದು ಸ್ವಂತ ವರ್ಕ್‌ಶಾಪ್ ತೆರೆದ.

ಆಗ ಪ್ರತಿ ವರ್ಕ್‌ಶಾಪಿಗೂ ಅದರದ್ದೇ ಥ್ರೆಡ್. ಒಬ್ಬರ ನಟ್ಟು ಇನ್ನೊಬ್ಬರ ಬೋಲ್ಟಿಗೆ ಹತ್ತುತ್ತಿರಲಿಲ್ಲ. ಬೋಲ್ಟಿನ ಅಳತೆಯೇ ಗೊತ್ತಿಲ್ಲದ ಮೇಲೆ ವಾಷರಿನ ತೂತಿಗೆ ಎಲ್ಲಿಯ ಅಳತೆ? ವಿಟ್‌ವರ್ತ್ ಬೇರೆ ಬೇರೆ ವರ್ಕ್‌ಶಾಪುಗಳ ಬೋಲ್ಟುಗಳನ್ನು ಕೂಡಿಸಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಎಲ್ಲರಿಗೂ ಒಂದೇ ಥ್ರೆಡ್ ಇರಲಿ ಅಂತ ಮುಂದಿಟ್ಟರು. ಅದರ ಕೋನ 55 ಡಿಗ್ರಿ. ರೈಲ್ವೆಗಳು ಅದನ್ನು ಒಪ್ಪಿಕೊಂಡವು. ಕ್ರಿಮಿಯಾ ಯುದ್ಧದ ಹೊತ್ತಿಗೆ ಗನ್‌ಬೋಟುಗಳ ಎಂಜಿನ್ ಭಾಗಗಳನ್ನು ಹಲವು ಕಾರ್ಖಾನೆಗಳಿಗೆ ಹಂಚಿ, ಬೇಗ ಬೇಗ ಜೋಡಿಸಲು ಸಾಧ್ಯವಾದದ್ದು ಇದರಿಂದಲೇ. ಇಂಚಿನ ಹತ್ತು ಲಕ್ಷದ ಒಂದು ಪಾಲಿನ ವ್ಯತ್ಯಾಸವನ್ನೂ ಹಿಡಿಯುವ ಅಳತೆಯ ಯಂತ್ರವನ್ನೂ ಅವರು ಕಟ್ಟಿದರು. 1868ರಲ್ಲಿ ಎಂಜಿನಿಯರಿಂಗ್ ಕಲಿಯುವ ಹುಡುಗರಿಗಾಗಿ ವಿದ್ಯಾರ್ಥಿವೇತನ ಇಟ್ಟರು. 1887ರ ಜನವರಿ 22ರಂದು ತೀರಿಕೊಂಡರು.

ತಮಾಷೆ ಏನು ಗೊತ್ತಾ? ಅವರ ಥ್ರೆಡ್ ಕೊನೆಗೆ ಉಳಿಯಲಿಲ್ಲ. ಅಮೆರಿಕ 60 ಡಿಗ್ರಿಯ ಬೇರೆಯೇ ದಾರಿ ಹಿಡಿದಿತ್ತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಮರ್ಲಿನ್ ವಿಮಾನ ಎಂಜಿನನ್ನು ಅಮೆರಿಕದ ಪ್ಯಾಕಾರ್ಡ್ ಕಂಪನಿ ಮಾಡಲು ಹೊರಟಾಗ, ಬ್ರಿಟಿಷ್ ಥ್ರೆಡ್ ಕೊರೆಯುವ ಟ್ಯಾಪು, ಡೈಗಳನ್ನು ತಾನೇ ತಯಾರಿಸಿಕೊಳ್ಳಬೇಕಾಯಿತು. ಆ ಪಾಡು ಸಾಕಾಗಿ 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಸೇರಿ 60 ಡಿಗ್ರಿಯ ಒಂದೇ ಥ್ರೆಡ್ಡನ್ನು ಒಪ್ಪಿದವು. ವಿಟ್‌ವರ್ತರ ಕೋನ ಸೋತಿತು, ಅವರ ಮಾತು ಗೆದ್ದಿತು.

ಲ್ಯಾಬಿನ ಡಬ್ಬಿಗೆ ಕೈಹಾಕಿ, ಸಿಕ್ಕಿದ ವಾಷರ್ ತುರುಕಿ, ನಡೀತದೆ ಬಿಡು ಅನ್ನೋರು ನಾವು. ಮೇಲೆ ಹಾರುವವರ ಜೀವ ಮಾತ್ರ, ಹಾಗೆ ಅನ್ನದವರ ಕೈಯಲ್ಲಿದೆ.