ಒಂದು ಮನೆಯಿಂದ ಮೂವರು: ಸರ್ವಾಧಿಕಾರಿಯ ಎದುರು ನಿಂತ ಮಿನರ್ವಾ ಮಿರಬಲ್ ಮತ್ತು ಸಹೋದರಿಯರು

ಪ್ರತಿ ವರ್ಷ ನವೆಂಬರ್ 25 ಬಂದರೆ ಶಾಲೆ ಕಾಲೇಜುಗಳಲ್ಲಿ ಮಹಿಳೆಯರ ಮೇಲಿನ ದೌರ್ಜನ್ಯ ವಿರೋಧಿ ದಿನ ಅಂತ ಬ್ಯಾನರ್ ಕಟ್ಟುತ್ತಾರೆ, ಭಾಷಣ ಆಗುತ್ತದೆ, ಫೋಟೋ ತೆಗೆಯುತ್ತಾರೆ. ಈ ದಿನವನ್ನೇ ಯಾಕೆ ಆರಿಸಿದರು ಅಂತ ಕೇಳಿದರೆ ವೇದಿಕೆಯಲ್ಲಿ ಕೂತವರಿಗೂ ಹೆಚ್ಚಾಗಿ ಗೊತ್ತಿರುವುದಿಲ್ಲ. ಅದು ಒಂದೇ ಮನೆಯ ಮೂವರು ಅಕ್ಕತಂಗಿಯರನ್ನು ಕಬ್ಬಿನ ಗದ್ದೆಯಲ್ಲಿ ಹೊಡೆದು ಕೊಂದ ದಿನ.

ಕೆರಿಬಿಯನ್ ಸಮುದ್ರದ ಒಂದು ದ್ವೀಪವನ್ನು ಎರಡು ದೇಶಗಳು ಹಂಚಿಕೊಂಡಿವೆ. ಪಶ್ಚಿಮದ ಭಾಗ ಹೈಟಿ, ಪೂರ್ವದ್ದು ಡೊಮಿನಿಕನ್ ರಿಪಬ್ಲಿಕ್. ಅಲ್ಲಿನ ಸಾಲ್ಸೆಡೊ ಎಂಬ ಊರಿನ ಹತ್ತಿರ ಓಹೊ ದೆ ಅಗ್ವಾ ಎಂಬ ಹಳ್ಳಿ. ಅಲ್ಲಿ ಎನ್ರಿಕೆ ಮಿರಬಲ್ ಅಂದರೆ ಎಲ್ಲರಿಗೂ ಗೊತ್ತು. ಜಮೀನು, ಅಂಗಡಿ, ವ್ಯಾಪಾರ ಇದ್ದ ಅನುಕೂಲಸ್ಥ ಕುಟುಂಬ. ಹೆಂಡತಿ ಮರ್ಸಿಡಿಸ್. ನಾಲ್ವರು ಹೆಣ್ಣುಮಕ್ಕಳು: 1924ರಲ್ಲಿ ಪಾಟ್ರಿಯಾ, ಮರುವರ್ಷ ಡೆಡೆ, 1926ರಲ್ಲಿ ಮಿನರ್ವಾ, ಎಲ್ಲರಿಗಿಂತ ಕಿರಿಯವರಾಗಿ 1935ರಲ್ಲಿ ಮರಿಯಾ ತೆರೇಸಾ. ಹಿರಿಯ ಮಗಳು ಹುಟ್ಟಿದ್ದು ದೇಶದ ಸ್ವಾತಂತ್ರ್ಯ ದಿನದಂದು. ಹಾಗಾಗಿ ತಾಯ್ನಾಡು ಎಂಬ ಅರ್ಥದ ಹೆಸರನ್ನೇ ಇಟ್ಟರು. ರಾಜಕೀಯಕ್ಕೂ ಈ ಮನೆಗೂ ಇದ್ದ ಸಂಬಂಧ ಆಗ ಅಷ್ಟೇ.

1930ರಲ್ಲಿ ಸೇನಾ ಮುಖ್ಯಸ್ಥನಾಗಿದ್ದ ರಫಾಯೆಲ್ ಟ್ರುಹಿಯೊ ಅಧಿಕಾರ ಹಿಡಿದ. 31 ವರ್ಷ ಬಿಡಲಿಲ್ಲ. ರಾಜಧಾನಿ ಸಾಂತೊ ಡೊಮಿಂಗೊಗೆ ತನ್ನ ಹೆಸರಿಟ್ಟ, ದೇಶದ ಅತಿ ಎತ್ತರದ ಶಿಖರಕ್ಕೂ ತನ್ನದೇ ಹೆಸರು. ಉಪ್ಪಿನಿಂದ ಸಕ್ಕರೆಯವರೆಗೆ ಲಾಭದ ವ್ಯಾಪಾರವೆಲ್ಲ ಅವನ ಕುಟುಂಬದ ಕೈಯಲ್ಲಿ. ಮನೆಮನೆಯ ಗೋಡೆಯಲ್ಲಿ ಅವನ ಪಟ ಇರಲೇಬೇಕು, ಇಲ್ಲದಿದ್ದರೆ ಯಾರಾದರೂ ಹೋಗಿ ಹೇಳುತ್ತಿದ್ದರು. 1937ರಲ್ಲಿ ಗಡಿಭಾಗದಲ್ಲಿ ವಾಸವಿದ್ದ ಸಾವಿರಾರು ಹೈಟಿಯನ್ನರನ್ನು ತನ್ನ ಸೈನಿಕರಿಂದ ಕೊಲ್ಲಿಸಿದ. ಇಷ್ಟಾದರೂ ಕಮ್ಯುನಿಸ್ಟರ ವೈರಿ ಎಂಬ ಕಾರಣಕ್ಕೆ ಅಮೆರಿಕ ಬಹುಕಾಲ ಅವನನ್ನು ಸಹಿಸಿಕೊಂಡಿತ್ತು. ಯಾರೋ ಒಬ್ಬ ಹುಚ್ಚನ ಆಳ್ವಿಕೆ ಅಂತ ಇದನ್ನು ಬದಿಗಿಡುವ ಹಾಗಿಲ್ಲ. ಸುಮ್ಮನಿದ್ದವರು ದೇಶದ ಒಳಗೂ ಹೊರಗೂ ತುಂಬ ಜನ ಇದ್ದರು.

ಮಿರಬಲ್ ಹುಡುಗಿಯರು ಲಾ ವೆಗಾ ನಗರದ ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಹಾಸ್ಟೆಲಿನಲ್ಲಿದ್ದು ಕಲಿತರು. ಪಾಟ್ರಿಯಾ ದೈವಭಕ್ತೆ. ಹದಿನೇಳು ತುಂಬುವ ಹೊತ್ತಿಗೆ ಓದು ಬಿಟ್ಟು ಪೆಡ್ರೊ ಗೊನ್ಸಾಲೆಸ್ ಎಂಬ ರೈತನನ್ನು ಮದುವೆಯಾಗಿ ಸಂಸಾರದಲ್ಲಿ ಮುಳುಗಿದರು. ಡೆಡೆ ತಂದೆಯ ವ್ಯಾಪಾರದ ಲೆಕ್ಕ ನೋಡಿಕೊಂಡರು. ಮಿನರ್ವಾ ಮಾತ್ರ ಬೇರೆ ಥರ. ಕೈಗೆ ಸಿಕ್ಕಿದ್ದೆಲ್ಲ ಓದುವ ಹುಡುಗಿ. ವಕೀಲೆಯಾಗಬೇಕು ಅಂತ ಹಟ. ಸರ್ವಾಧಿಕಾರಿಯನ್ನು ಒಪ್ಪದ ಯುವಕರ ಗೆಳೆತನವೂ ಇತ್ತು. ಮಗಳ ಬಾಯಿಯಿಂದ ಏನು ಬಂದೀತೋ ಅಂತ ಮನೆಯವರಿಗೆ ಹೆದರಿಕೆ.

ಆ ಹೆದರಿಕೆ ನಿಜವಾದದ್ದು 1949ರ ಅಕ್ಟೋಬರಿನಲ್ಲಿ. ಟ್ರುಹಿಯೊ ತನ್ನ ಹುಟ್ಟೂರು ಸಾನ್ ಕ್ರಿಸ್ಟೊಬಾಲ್‌ನಲ್ಲಿ ಇಟ್ಟುಕೊಂಡ ಪಾರ್ಟಿಗೆ ಮಿರಬಲ್ ಕುಟುಂಬಕ್ಕೂ ಆಮಂತ್ರಣ ಬಂತು. ಬರುವುದಿಲ್ಲ ಅನ್ನುವ ಹಾಗಿರಲಿಲ್ಲ. ಅವನ ಕಣ್ಣು ಮಿನರ್ವಾ ಮೇಲೆ ಬಿದ್ದಿತ್ತು. ಡ್ಯಾನ್ಸ್ ಮಾಡುವಾಗ ಆಕೆ ಅವನ ಕೆನ್ನೆಗೆ ಬಾರಿಸಿದರು ಎಂಬ ಕಥೆ ಈಗಲೂ ಓಡಾಡುತ್ತದೆ, ಕಾದಂಬರಿಯಲ್ಲೂ ಅದು ಬಂದಿದೆ. ಕಥೆಗೆ ಚೆಂದ. ಆದರೆ ಆಕೆಯ ಧೈರ್ಯವನ್ನು ತೋರಿಸಲು ಅದರ ಅಗತ್ಯವೇ ಇಲ್ಲ. ಅವನ ಪ್ರಸ್ತಾಪಗಳಿಗೆ ಆಕೆ ಒಪ್ಪಲಿಲ್ಲ, ಎದುರು ಮಾತಾಡಿದರು. ಮಳೆ ಬಂದ ಗಡಿಬಿಡಿಯಲ್ಲಿ ಕುಟುಂಬ ಅವನಿಗಿಂತ ಮೊದಲೇ ಅಲ್ಲಿಂದ ಹೊರಟುಬಿಟ್ಟಿತು. ಅವನು ಇರುವಾಗ ಯಾರೂ ಏಳಬಾರದು ಎಂಬುದು ಅಲ್ಲಿನ ರಿವಾಜು.

ಬೆಲೆ ಕಟ್ಟಿದ್ದು ತಂದೆ. ಎನ್ರಿಕೆಯನ್ನು ರಾಜಧಾನಿಯ ಜೈಲಿಗೆ ಹಾಕಿದರು. ಮಿನರ್ವಾ ಮತ್ತು ತಾಯಿಯನ್ನು ಅಲ್ಲಿನ ಹೋಟೆಲೊಂದರಲ್ಲಿ ಇರಿಸಿ, ಮಗಳನ್ನು ದಿನವೂ ಕರೆಸಿ ವಿಚಾರಣೆ ಮಾಡಿದರು. ಕ್ಷಮೆ ಕೇಳಿ ಪತ್ರ ಬರೆ ಅಂದರೆ ಆಕೆ ಬರೆಯಲಿಲ್ಲ. 1951ರಲ್ಲಿ ಮತ್ತೊಮ್ಮೆ ಬಂಧನ. ಪರಿಚಯದವರು ದೂರವಾದರು, ವ್ಯಾಪಾರ ಕುಸಿಯಿತು, ಎನ್ರಿಕೆಯ ಆರೋಗ್ಯವೂ ಹೋಯಿತು. 1953ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ತಾನು ಒಪ್ಪದೆ ಹೋದದ್ದಕ್ಕೆ ಅಪ್ಪನಿಗೆ ಹೀಗಾಯಿತು ಎಂಬ ಭಾರ ಹೊತ್ತುಕೊಂಡು ಒಬ್ಬ ಮಗಳು ಹೇಗೆ ಬದುಕಬೇಕು, ಯೋಚಿಸಿ ನೋಡಿ.

ಮಿನರ್ವಾ ಕಾನೂನು ಕಾಲೇಜಿಗೆ ಸೇರಿದ್ದರು. ಎರಡನೇ ವರ್ಷಕ್ಕೆ ಪ್ರವೇಶ ಕೊಡಲಿಲ್ಲ. ಕೊನೆಗೆ ಟ್ರುಹಿಯೊನನ್ನು ಹೊಗಳಿ ಸಾರ್ವಜನಿಕವಾಗಿ ಭಾಷಣ ಮಾಡಿದ ಮೇಲಷ್ಟೇ ಬಾಗಿಲು ತೆರೆಯಿತು. ಆಕೆಯ ಬಗ್ಗೆ ಬರೆಯುವವರು ಈ ಸಂಗತಿಯನ್ನು ಬೇಗ ದಾಟಿಬಿಡುತ್ತಾರೆ. ದಾಟಬಾರದು. ಮನೆಯಲ್ಲಿ ತಾಯಿ, ಸಹೋದರಿಯರು ಇರುವಾಗ ತಲೆ ಬಗ್ಗಿಸಬೇಕಾದ ದಿನಗಳು ಆಕೆಗೂ ಬಂದಿದ್ದವು. 1957ರಲ್ಲಿ ಒಳ್ಳೆಯ ಅಂಕ ಪಡೆದು ಪದವಿ ಮುಗಿಸಿದರು. ವಕಾಲತ್ತು ಮಾಡುವ ಪರವಾನಿಗೆ ಮಾತ್ರ ಸಿಗಲೇ ಇಲ್ಲ.

ಕಾನೂನು ಕಲಿಯುತ್ತಿದ್ದ ಮನೋಲೊ ತವಾರೆಸ್‌ರನ್ನು 1955ರಲ್ಲಿ ಮದುವೆಯಾಗಿದ್ದರು. ಇಬ್ಬರು ಮಕ್ಕಳು. ಅಕ್ಕನನ್ನು ನೋಡುತ್ತಾ ಬೆಳೆದ ಮರಿಯಾ ತೆರೇಸಾ 1958ರಲ್ಲಿ ಲಿಯಾಂಡ್ರೊ ಗುಸ್ಮಾನ್ ಎಂಬ ಎಂಜಿನಿಯರ್‌ರನ್ನು ಮದುವೆಯಾದರು. 1959ರ ಜನವರಿಯಲ್ಲಿ ನೆರೆಯ ಕ್ಯೂಬಾದ ಸರ್ವಾಧಿಕಾರಿ ಓಡಿಹೋದ ಸುದ್ದಿ ಬಂತು. ಅಲ್ಲಿ ಆಗುವುದಾದರೆ ಇಲ್ಲಿ ಯಾಕೆ ಆಗಬಾರದು ಎಂಬ ಮಾತು ಈ ಯುವ ದಂಪತಿಗಳ ನಡುವೆ ಶುರುವಾಯಿತು. ಮೊದಲು ಎತ್ತಿದವರು ಮಿನರ್ವಾ.

ಅದೇ ವರ್ಷ ಜೂನ್ 14ರಂದು ದೇಶಭ್ರಷ್ಟರ ಒಂದು ಪಡೆ ಕ್ಯೂಬಾದಿಂದ ಬಂದು ಕಾನ್ಸ್ಟಾಂಜಾ ಬೆಟ್ಟಗಳಲ್ಲಿ ಇಳಿಯಿತು. ಹೆಚ್ಚಿನವರನ್ನು ಸೇನೆ ಕೊಂದುಹಾಕಿತು. ಆಗ ಪಾಟ್ರಿಯಾ ಅದೇ ಬೆಟ್ಟದಲ್ಲಿ ಚರ್ಚಿನ ಧ್ಯಾನ ಶಿಬಿರದಲ್ಲಿದ್ದರು. ತನ್ನ ಮಗನಿಗಿಂತ ಸ್ವಲ್ಪವೇ ದೊಡ್ಡ ಹುಡುಗರು ಸಾಯುವುದನ್ನು ಕಂಡರು. ತಂಗಿಯ ಪುಸ್ತಕಗಳು ಮಾಡದ್ದನ್ನು ಆ ನೋಟ ಮಾಡಿತು. ಕೊನುಕೊದಲ್ಲಿದ್ದ ತನ್ನ ಮನೆಯ ಬಾಗಿಲನ್ನು ಗುಪ್ತ ಸಭೆಗಳಿಗೆ ತೆರೆದರು. 1960ರ ಜನವರಿಯಲ್ಲಿ ಆ ಸತ್ತ ಹುಡುಗರ ನೆನಪಿನಲ್ಲಿ ಜೂನ್ 14 ಚಳವಳಿ ಹುಟ್ಟಿತು. ಮನೋಲೊ ಅಧ್ಯಕ್ಷ. ಸಹೋದರಿಯರ ಗುಪ್ತನಾಮ ಚಿಟ್ಟೆಗಳು. ಊಟದ ಮೇಜಿನ ಮೇಲೆ ಪಟಾಕಿಯ ಮದ್ದು ಬಿಚ್ಚಿ ಬಾಂಬು ಕಟ್ಟುವ ಕೆಲಸವೂ ನಡೆಯಿತು. ಡೆಡೆ ಸೇರಲಿಲ್ಲ. ಗಂಡ ಒಪ್ಪಲಿಲ್ಲ, ಮೂವರು ಗಂಡುಮಕ್ಕಳಿದ್ದರು.

ಚಳವಳಿ ಕೆಲವೇ ದಿನಗಳಲ್ಲಿ ಬಯಲಾಯಿತು. ನೂರಾರು ಜನರ ಬಂಧನ. ಮನೋಲೊ, ಲಿಯಾಂಡ್ರೊ, ಪೆಡ್ರೊ, ಪಾಟ್ರಿಯಾರ ಹದಿಹರೆಯದ ಮಗ ನೆಲ್ಸನ್ ಎಲ್ಲರೂ ಒಳಗೆ. ಲಾ ಕ್ವಾರೆಂಟಾ ಎಂಬ ಚಿತ್ರಹಿಂಸೆಯ ಕೇಂದ್ರದ ಹೆಸರು ಕೇಳಿದರೆ ಜನ ನಡುಗುತ್ತಿದ್ದರು. ಮಿನರ್ವಾ, ಮರಿಯಾ ತೆರೇಸಾರನ್ನೂ ಹಿಡಿದು, ಬಿಟ್ಟು, ಮೇ ತಿಂಗಳಲ್ಲಿ ಮತ್ತೆ ಹಿಡಿದರು. ಪಾಟ್ರಿಯಾರ ಮನೆಯನ್ನು ನಾಶ ಮಾಡಿದರು. ಇದು ಟ್ರುಹಿಯೊಗೂ ಕಷ್ಟದ ವರ್ಷ. ಅಷ್ಟು ಕಾಲ ಬಾಯಿ ಮುಚ್ಚಿದ್ದ ಕ್ಯಾಥೊಲಿಕ್ ಬಿಷಪ್‌ಗಳು ಬಂಧನಗಳ ವಿರುದ್ಧ ಪತ್ರ ಓದಿಸಿದರು. ಜೂನ್‌ನಲ್ಲಿ ವೆನೆಜುವೆಲಾದ ಅಧ್ಯಕ್ಷರನ್ನು ಕೊಲ್ಲಿಸಲು ಹೋಗಿ ವಿಫಲನಾದ. ಆಗಸ್ಟಿನಲ್ಲಿ ಅಮೆರಿಕ ಖಂಡದ ದೇಶಗಳು ಸಂಬಂಧ ಕಡಿದುಕೊಂಡವು. ಅದೇ ತಿಂಗಳು ಇಬ್ಬರು ಸಹೋದರಿಯರನ್ನು ಬಿಡುಗಡೆ ಮಾಡಿದರು. ಗಂಡಂದಿರನ್ನು ಬಿಡಲಿಲ್ಲ.

ನವೆಂಬರಿನಲ್ಲಿ ಮನೋಲೊ ಮತ್ತು ಲಿಯಾಂಡ್ರೊರನ್ನು ಉತ್ತರ ಕರಾವಳಿಯ ಪುವೆರ್ಟೊ ಪ್ಲಾಟಾ ಜೈಲಿಗೆ ಸಾಗಿಸಿದರು. ಅಲ್ಲಿಗೆ ಹೋಗಲು ನಿರ್ಜನ ಬೆಟ್ಟದ ರಸ್ತೆ ದಾಟಬೇಕು. ಹೋಗಬೇಡಿ ಅಂತ ಹಲವರು ಎಚ್ಚರಿಸಿದ್ದರು. ಪಾಟ್ರಿಯಾರ ಗಂಡ ಇದ್ದದ್ದು ಬೇರೆ ಜೈಲಿನಲ್ಲಿ, ಆಕೆ ಹೋಗಲೇಬೇಕು ಅಂತೇನೂ ಇರಲಿಲ್ಲ. ತಂಗಿಯರ ಜೊತೆ ಹೋದರು. 1960ರ ನವೆಂಬರ್ 25, ಶುಕ್ರವಾರ. ಜೀಪು ಓಡಿಸಿದವರು ರುಫಿನೊ ದೆ ಲಾ ಕ್ರೂಸ್. ಅಪಾಯ ಗೊತ್ತಿದ್ದೂ ಬಂದ ಈ ಮನುಷ್ಯನ ಹೆಸರು ಎಷ್ಟೋ ಲೇಖನಗಳಲ್ಲಿ ಬಿಟ್ಟುಹೋಗುತ್ತದೆ. ಗಂಡಂದಿರನ್ನು ಕಂಡು ಮರಳುವಾಗ ಗುಪ್ತ ಪೊಲೀಸರು ಅಡ್ಡಗಟ್ಟಿದರು. ನಾಲ್ವರನ್ನೂ ಬೇರೆ ಬೇರೆ ಮಾಡಿ ಕಬ್ಬಿನ ಗದ್ದೆಗೆ ಎಳೆದೊಯ್ದು ಹೊಡೆದು, ಕತ್ತು ಹಿಸುಕಿ ಕೊಂದರು. ಹೆಣಗಳನ್ನು ಜೀಪಿನಲ್ಲಿ ಹಾಕಿ ಕಣಿವೆಗೆ ಉರುಳಿಸಿದರು. ಪತ್ರಿಕೆಯಲ್ಲಿ ಅಪಘಾತ ಅಂತ ಬಂತು. ಯಾರೂ ನಂಬಲಿಲ್ಲ. ಪಾಟ್ರಿಯಾಗೆ 36, ಮಿನರ್ವಾಗೆ 34, ಮರಿಯಾ ತೆರೇಸಾಗೆ 25 ವರ್ಷ.

ಗಂಡಸರನ್ನು ಕೊಂದಾಗ ಹೆದರಿ ಸುಮ್ಮನಾಗುತ್ತಿದ್ದ ದೇಶ ಈ ಸಲ ಒಳಗೊಳಗೇ ಕುದಿಯಿತು. ಆರು ತಿಂಗಳ ಬಳಿಕ, 1961ರ ಮೇ 30ರಂದು, ಟ್ರುಹಿಯೊ ಕಾರಿನಲ್ಲಿ ಹೋಗುವಾಗ ಗುಂಡಿಗೆ ಬಲಿಯಾದ. ಹೊಡೆದವರಲ್ಲಿ ಅವನ ಆಡಳಿತದೊಳಗಿನವರೇ ಇದ್ದರು. ಸಹೋದರಿಯರ ಕೊಲೆಗಾರರಿಗೆ ಶಿಕ್ಷೆಯೇನೋ ಆಯಿತು. 1965ರ ಅಂತರ್ಯುದ್ಧದ ಗಲಾಟೆಯಲ್ಲಿ ತಪ್ಪಿಸಿಕೊಂಡರು. ಜೈಲಿನಿಂದ ಬಿಡುಗಡೆಯಾದ ಮನೋಲೊ 1963ರ ಡಿಸೆಂಬರಿನಲ್ಲಿ, ಮತ್ತೊಂದು ಸೇನಾ ದಂಗೆಯ ವಿರುದ್ಧ ಬೆಟ್ಟ ಹತ್ತಿ, ಅಲ್ಲೇ ಕೊಲ್ಲಲ್ಪಟ್ಟರು. ಮಿನರ್ವಾರ ಮಕ್ಕಳಿಗೆ ಅಪ್ಪನೂ ಇಲ್ಲವಾದರು.

ಉಳಿದವರು ಡೆಡೆ. ತಾಯಿಯ ಜೊತೆ ಸೇರಿ ಮೂವರ ಆರು ಮಕ್ಕಳನ್ನೂ ತನ್ನ ಮೂವರನ್ನೂ ಸಾಕಿದರು. ನೀನೊಬ್ಬಳು ಯಾಕೆ ಉಳಿದೆ ಎಂಬ ಪ್ರಶ್ನೆಯನ್ನು ಜೀವನಪೂರ್ತಿ ಎದುರಿಸಿದರು. ಕಥೆ ಹೇಳಲು ಅಂತ ಉತ್ತರಿಸುತ್ತಿದ್ದರು. ಅವರ ಮಗ ಒಬ್ಬರು 1996ರಲ್ಲಿ ದೇಶದ ಉಪಾಧ್ಯಕ್ಷರಾದರು, ಮಿನರ್ವಾರ ಮಗಳು ಮಿನೂ ಸಂಸತ್ತಿಗೆ ಆಯ್ಕೆಯಾದರು. 1981ರಲ್ಲಿ ಬೊಗೋಟಾದಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಮಹಿಳೆಯರು ನವೆಂಬರ್ 25ನ್ನು ತಮ್ಮ ದಿನವಾಗಿಸಿದರು, 1999ರಲ್ಲಿ ವಿಶ್ವಸಂಸ್ಥೆ ಅದನ್ನು ಒಪ್ಪಿಕೊಂಡಿತು. ಡೆಡೆ 2014ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಸಹೋದರಿಯರು ಕೊನೆಯ ತಿಂಗಳುಗಳನ್ನು ಕಳೆದ ತಾಯಿಯ ಮನೆ ಈಗ ಮ್ಯೂಸಿಯಂ. ಡೆಡೆ ಅದನ್ನು ನೋಡಿಕೊಂಡು, ಬಂದವರೊಡನೆ ಕೂತು ಮಾತಾಡುತ್ತಿದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಉದ್ದನೆಯ ಒಂದು ಜಡೆ ಇದೆ. ಮರಿಯಾ ತೆರೇಸಾರ ಜಡೆ. ಮಣ್ಣು ಮಾಡುವ ಮೊದಲು ಡೆಡೆ ಕತ್ತರಿಸಿ ಇಟ್ಟುಕೊಂಡದ್ದು.