ನಾದಜಂಗಮ ಪಂಚಾಕ್ಷರಿ ಗವಾಯಿಗಳವರು

ಒಂದೆಡೆ ನಿಲ್ಲದೆ ಭಕ್ತರ ಮನೆಬಾಗಿಲಿಗೆ ಅರಿವನ್ನು ಕೊಂಡೊಯ್ಯುವ ಚೇತನವೇ ಜಂಗಮ. ನಾದವನ್ನೇ ಹೀಗೆ ಜಂಗಮವಾಗಿಸಿದ ಮಹನೀಯರು ಗದುಗಿನ ಪಂಚಾಕ್ಷರಿ ಗವಾಯಿಗಳವರು.

ಅವರ ಕಾಲದಲ್ಲಿ ಶಾಸ್ತ್ರೀಯ ಸಂಗೀತವು ಬಹುಮಟ್ಟಿಗೆ ಸಂಸ್ಥಾನಿಕರ ಹಾಗೂ ಶ್ರೀಮಂತರ ಆಶ್ರಯದಲ್ಲಿದ್ದಿತು. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದ ದಿನಗಳವು. ಬೀಳಗಿಯ ಬೇಸಾಯಗಾರನಾಗಲಿ, ರಬಕವಿ-ಬನಹಟ್ಟಿಯ ನೇಕಾರನಾಗಲಿ ಅರಸಿಕನಲ್ಲ. ಶ್ರೀಕೃಷ್ಣ ಪಾರಿಜಾತದ ಪದಗಳನ್ನು ಕೇಳುತ್ತ ರಾತ್ರಿಯನ್ನು ಬೆಳಗು ಮಾಡುವವನೇ. ಆದರೂ ರಾಗ, ಖ್ಯಾಲುಗಳೆಂದರೆ ಪಂಡಿತರ ಸೊತ್ತೆಂದು ಆತನು ಹಿಂಜರಿಯುವುದುಂಟು. ಕಿವಿಯಿದ್ದೂ ಕೇಳುವ ಅಧಿಕಾರ ತನಗಿಲ್ಲವೆಂಬ ಈ ಸಂಕೋಚವನ್ನು ನಮ್ಮ ನಾಡಿನಲ್ಲಿ ಹೋಗಲಾಡಿಸಿದವರಲ್ಲಿ ಗವಾಯಿಗಳವರು ಅಗ್ರಗಣ್ಯರು.

1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ-ನೀಲಮ್ಮ ದಂಪತಿಗಳಿಗೆ ಜನಿಸಿದ ಅವರ ಮೊದಲ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ದೃಷ್ಟಿಯಿಲ್ಲ; ಸೋದರ ಗುರುಬಸಯ್ಯನೂ ಅಂಧನೇ. ಬಡತನದ ಮನೆಯಲ್ಲಿ ಅಂಧಶಿಶುವು ಹೊರೆಯೆಂದೇ ಲೋಕವು ಎಣಿಸುತ್ತಿದ್ದ ಕಾಲದಲ್ಲಿ, ಹಾನಗಲ್ಲ ಕುಮಾರಸ್ವಾಮಿಗಳವರು ಆ ಬಾಲಕರ ಕಂಠದಲ್ಲಿ ಅಡಗಿದ್ದ ಸಿರಿಯನ್ನು ಗುರುತಿಸಿ ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. 1909ರಲ್ಲಿ ಮಲಪ್ರಭೆಯ ತಟದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಪೂಜ್ಯರು ಇವರೇ. ಗುರುವಿನ ಕೃಪೆಯಿಂದ ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಸಿಸಿದನು. ಬಳಿಕ ನೀಲಕಂಠಬುವಾ ಮಿರಜಕರರಲ್ಲಿಯೂ ಕಿರಾಣಾ ಘರಾಣೆಯ ಉಸ್ತಾದ ವಹೀದಖಾನರಲ್ಲಿಯೂ ಹಿಂದೂಸ್ತಾನಿ ಪದ್ಧತಿಯನ್ನು ಕಲಿತು ಉಭಯಗಾನ ವಿಶಾರದನಾದನು. ವಿದ್ಯೆಯನ್ನು ಬೇಡುವಲ್ಲಿ ಮತಭೇದವನ್ನೆಣಿಸದ ವಿನಯವು ಇಲ್ಲಿ ಗಮನಾರ್ಹ.

ಇಷ್ಟು ಕಲಿತವರು ಯಾವುದಾದರೊಂದು ಆಸ್ಥಾನವನ್ನು ಸೇರಿ ಸುಖವಾಗಿರಬಹುದಿತ್ತು. ಗವಾಯಿಗಳವರು ಆ ದಾರಿಯನ್ನು ಹಿಡಿಯಲಿಲ್ಲ. ಅಂಧರೂ ಅನಾಥರೂ ಬಡವರೂ ಆದ ಬಾಲಕರನ್ನು ಕೂಡಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಪಾಠಶಾಲೆಯು ಊರಿಂದೂರಿಗೆ ನಡೆಯುವುದು. ಭಕ್ತರು ನೀಡಿದ ಜೋಳ-ಬೇಳೆಗಳಿಂದ ಶಿಷ್ಯರ ಪ್ರಸಾದವಾಗುವುದು. ಬೀಡುಬಿಟ್ಟ ಊರಿನಲ್ಲಿ ಪಾಠವೂ ಗಾಯನವೂ ಸಾಗುವುದು. ಬರಗಾಲ ಬಂದಾಗ ನೂರಾರು ತುತ್ತುಗಳ ಚಿಂತೆ ಅವರೊಬ್ಬರದಾಗುತ್ತಿತ್ತು. 1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದ ಮೇಲೆಯೂ ಆ ಭಾರವನ್ನು ಅವರು ಇಳಿಸಲಿಲ್ಲ. ಕೊನೆಗೆ ಗದುಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ನೆಲೆ ದೊರೆತು ವೀರೇಶ್ವರ ಪುಣ್ಯಾಶ್ರಮವಾಯಿತು.

ಜನರನ್ನು ಒಲಿಸಲೆಂದು ಅವರು ರಾಗವನ್ನು ಹಗುರಗೊಳಿಸಲಿಲ್ಲ. ಕೇಳುಗನಿಗೆ ಮೊದಲೇ ಪರಿಚಿತವಾದ ಶರಣರ ವಚನವನ್ನು ಶುದ್ಧ ರಾಗದಲ್ಲಿ ಹಾಡಿದರು. ಅರ್ಥದ ಕೈಹಿಡಿದು ಬಂದ ಸಾಮಾನ್ಯನು ಅರಿಯದೆಯೇ ರಾಗದ ಗರ್ಭಗುಡಿಯನ್ನು ಹೊಕ್ಕನು. ತನ್ನ ದೇಹವನ್ನೇ ವೀಣೆಯಾಗಿ ಮಾಡಿಕೊಳ್ಳೆಂದು ಕೂಡಲಸಂಗನನ್ನು ಬೇಡಿದ ಬಸವಣ್ಣನವರ ನಾಡಿನಲ್ಲಿ ಇದಕ್ಕಿಂತ ಉಚಿತವಾದ ಮಾರ್ಗವಾವುದು?

1944ರ ಜೂನ್ 11ರಂದು ಗವಾಯಿಗಳವರು ಲಿಂಗೈಕ್ಯರಾದರು. ಅಂಧರಾಗಿಯೇ ಅವರ ಬಳಿ ಬೆಳೆದ ಪುಟ್ಟರಾಜ ಗವಾಯಿಗಳವರು 2010ರವರೆಗೆ ಆಶ್ರಮವನ್ನು ಬೆಳಗಿದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ, ಅರ್ಜುನಸಾ ನಾಕೋಡ ಮೊದಲಾದವರು ಆ ಗುರುವಿನ ಶಿಷ್ಯಸಂಪತ್ತು.

ಸದ್ಭಕ್ತರೇ, ಅಂದು ಆ ಪಾಠಶಾಲೆ ಉಳಿದುದು ಗೃಹಸ್ಥರು ನೀಡಿದ ಹಿಡಿ ಜೋಳದಿಂದ ಎಂಬುದನ್ನು ಮರೆಯಬಾರದು. ನಮ್ಮ ಊರುಗಳ ಜಾತ್ರೆ, ಗೃಹಪ್ರವೇಶ, ಶಿವಾನುಭವ ಗೋಷ್ಠಿಗಳಲ್ಲಿ ಧ್ವನಿವರ್ಧಕದ ಅಬ್ಬರಕ್ಕೆ ವೆಚ್ಚಮಾಡುವ ಹಣದಲ್ಲಿ ಒಂದು ಪಾಲನ್ನು ಗಾಯಕನೊಬ್ಬನ ತಂಬೂರಿಗೆ ಮೀಸಲಿಡೋಣ. ಮಕ್ಕಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಒಂದು ತಾಸು ಮೌನವಾಗಿ ಕೇಳೋಣ. ರಾಗದ ಹೆಸರು ತಿಳಿಯದಿದ್ದರೆ ಕೊರತೆಯಿಲ್ಲ. ಕಣ್ಣಿಲ್ಲದ ಗುರುವು ನಡೆದು ನಡೆದು ನಮ್ಮ ಬಾಗಿಲಿಗೆ ತಂದುದನ್ನು ಕಿವಿಯುಳ್ಳ ನಾವು ಒಳಗೆ ಕರೆಯದಿರುವುದೇ ಕೊರತೆ.